ಕೆಂಪು ದೀಪ ಮತ್ತು ಕಬ್ಬಿಣದ ಹ್ಯಾಂಡಲ್

ನಮ್ಮ ಮನೆಯ ಸೌದೆ ಕೊಟ್ಟಿಗೆಯಲ್ಲಿ, ಹಳೆಯ ಒನಕೆಯ ಪಕ್ಕ, ಕಬ್ಬಿಣದ ಒಂದು ಸರಳು ಒರಗಿಕೊಂಡಿದೆ. ಎರಡು ಕಡೆ ಬಾಗಿಸಿದ, ಕೈಗೆ ಭಾರವಾಗುವ ಸರಳು. ಹೋದ ರಜೆಯಲ್ಲಿ ಮೊಮ್ಮಗಳು ಅದನ್ನು ಅಂಗಳಕ್ಕೆ ಎಳೆದು ತಂದು, "ಅಜ್ಜಿ, ಇದು ಬಾವಿಯ ರಾಟೆಯದಾ?" ಎಂದು ಕೇಳಿದಳು. "ಅಲ್ಲ ಪುಟ್ಟಿ, ನಮ್ಮ ಕಾರಿನದು. ಮುಂದಿನಿಂದ ತೂರಿಸಿ ತಿರುಗಿಸಿದರೆ ಇಂಜಿನ್ ಶುರುವಾಗುತ್ತಿತ್ತು" ಎಂದೆ. ಅವಳಿಗೆ ನಗು ತಡೆಯಲಾಗಲಿಲ್ಲ. ಕಾರನ್ನು ಬಾವಿಯ ನೀರಿನ ಹಾಗೆ ಸೇದುತ್ತಿದ್ದಿರಾ ಎಂದು ಕೇಳಿದಳು. ಕಾರು ನಮ್ಮ ಮನೆ ಬಿಟ್ಟು ಬಹಳ ವರ್ಷವಾಯಿತು. ಹ್ಯಾಂಡಲ್ ಮಾತ್ರ ನಾನು ಕೊಡಲಿಲ್ಲ. ಯಾಕೆ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಶುರುಮಾಡಬೇಕು.

1888ರ ಆಗಸ್ಟ್ ತಿಂಗಳು. ಜರ್ಮನಿಯ ಮ್ಯಾನ್‌ಹೈಮ್ ಊರಿನ ಬರ್ಥಾ ಬೆಂಜ್ ಎಂಬಾಕೆ, ಗಂಡನಿಗೆ ಮೊದಲೇ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ತವರೂರಾದ ಫೋರ್ಟ್ಸ್‌ಹೈಮ್‌ಗೆ ಹೊರಟಳು. ಹೆಂಗಸರು ತವರಿಗೆ ಹೋಗುವುದು ದೊಡ್ಡ ಸುದ್ದಿಯಲ್ಲ. ಆದರೆ ಈಕೆ ಹೋದದ್ದು ಗಂಡ ಕಾರ್ಲ್ ಬೆಂಜ್ ತಯಾರಿಸಿದ್ದ ಮೂರು ಚಕ್ರದ ಮೋಟಾರು ಗಾಡಿಯಲ್ಲಿ. ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚಿನ ದಾರಿ. ಅಷ್ಟು ದೂರ ಅದುವರೆಗೆ ಯಾರೂ ಮೋಟಾರು ಗಾಡಿಯಲ್ಲಿ ಹೋಗಿರಲಿಲ್ಲ. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಆಕೆ ತನ್ನ ಟೋಪಿಯ ಪಿನ್ನಿನಿಂದ ಅದನ್ನು ಬಿಡಿಸಿದಳು. ಕಿಡಿ ಹಾರಿಸುವ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿ ದುರಸ್ತಿ ಮಾಡಿದಳು. ಕಾರಿನ ಮೊದಲ ದೂರ ಪ್ರಯಾಣದಲ್ಲೇ ವಿದ್ಯುತ್ತಿನ ದೋಷ ಬಂತು, ಅದನ್ನು ಸರಿಪಡಿಸಿದವಳು ಮಕ್ಕಳ ತಾಯಿ. ಇದನ್ನು ಓದಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಬರ್ಥಾಳ ಗಾಡಿಯಲ್ಲಿ ಬ್ಯಾಟರಿ ಇತ್ತು, ಆದರೆ ಅದನ್ನು ಮತ್ತೆ ತುಂಬುವ ಏರ್ಪಾಡು ಗಾಡಿಯಲ್ಲಿ ಇರಲಿಲ್ಲ. ಇಂಜಿನ್ ಶುರುಮಾಡಲು ದೊಡ್ಡ ಚಕ್ರವನ್ನು ಕೈಯಿಂದಲೇ ತಿರುಗಿಸಬೇಕಿತ್ತು. ಆಮೇಲೆ ಹ್ಯಾಂಡಲ್ ಬಂತು. ಅದೂ ಸುಲಭದ ವಸ್ತುವಲ್ಲ. ಕಿಡಿ ಸ್ವಲ್ಪ ಬೇಗ ಹಾರಿದರೆ ಇಂಜಿನ್ ಹಿಮ್ಮುಖವಾಗಿ ಒದ್ದು, ಹಿಡಿದವರ ಮಣಿಕಟ್ಟು ಮುರಿಯುತ್ತಿತ್ತು. ನಮ್ಮವರು ನನಗೆ ಕಲಿಸಿದ ಮೊದಲ ಪಾಠವೇ ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಸುತ್ತಿ ಹಿಡಿಯಬಾರದು, ಬೇರೆ ಬೆರಳುಗಳ ಜೊತೆಗೇ ಇಡಬೇಕು ಎಂಬುದು. ಒದ್ದರೆ ಕೈ ಜಾರಿ ಹೊರಬರಬೇಕು.

ಈ ಹ್ಯಾಂಡಲಿನ ಭಯದಿಂದಲೇ ಅಮೆರಿಕದಲ್ಲಿ 1900ರ ಆಸುಪಾಸಿನಲ್ಲಿ ಬ್ಯಾಟರಿಯಿಂದಲೇ ಓಡುವ ಕಾರುಗಳನ್ನು "ಹೆಂಗಸರ ಕಾರು" ಎಂದು ಮಾರುತ್ತಿದ್ದರು. ಲಕ್ಷಗಟ್ಟಲೆ ಪೆಟ್ರೋಲ್ ಕಾರು ಮಾರಿದ ಹೆನ್ರಿ ಫೋರ್ಡರ ಹೆಂಡತಿ ಕ್ಲಾರಾ ಅವರೇ ಓಡಿಸುತ್ತಿದ್ದುದು 1914ರ ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ಬ್ಯಾಟರಿ ಕಾರು. ಗಂಡನ ಅಂಗಡಿಯ ತಿಂಡಿ ಬಿಟ್ಟು ಹೆಂಡತಿ ಎದುರಂಗಡಿಯಿಂದ ತರಿಸಿದ ಹಾಗೆ! ಆದರೆ ಅಂಥ ಕಾರನ್ನು ಮತ್ತೆ ಮತ್ತೆ ಮನೆಗೆ ತಂದು ಗಂಟೆಗಟ್ಟಲೆ ಚಾರ್ಜು ಮಾಡಬೇಕಿತ್ತು. ದೂರದ ದಾರಿ ಅದಕ್ಕೆ ಹೇಳಿದ್ದಲ್ಲ. ದೂರ ಹೋಗುವ ಪೆಟ್ರೋಲ್ ಕಾರಿನ ಮುಂದೆ ಹ್ಯಾಂಡಲ್ ಕಾವಲು ನಿಂತಿತ್ತು.

ಬ್ಯಾಟರಿ ಮೊದಲೋ, ಅದನ್ನು ತುಂಬುವ ಯಂತ್ರ ಮೊದಲೋ? ಪಾತ್ರೆ ಮೊದಲು ಬಂತು, ಅದನ್ನು ತುಂಬುವ ನಲ್ಲಿ ಆಮೇಲೆ ಬಂತು ಎಂದರೆ ತಪ್ಪಾಗದು. ಇಂದಿಗೂ ಹೆಚ್ಚಿನ ಕಾರುಗಳಲ್ಲಿರುವ ಸೀಸ ಮತ್ತು ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಮಾಡಿದರು. ಅಯಸ್ಕಾಂತದ ನಡುವೆ ಲೋಹವನ್ನು ಚಲಿಸಿದರೆ ವಿದ್ಯುತ್ತು ಹುಟ್ಟುತ್ತದೆ ಎಂದು ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿದ್ದರು. ಆದರೆ ಹೇರಳವಾಗಿ ವಿದ್ಯುತ್ತು ಕೊಡುವ ಡೈನಮೋ ಕೈಗೆ ಬಂದದ್ದು 1866-67ರ ಹೊತ್ತಿಗೆ, ಜರ್ಮನಿಯ ವರ್ನರ್ ಸೀಮೆನ್ಸ್ ಮೊದಲಾದವರಿಂದ. ನಮ್ಮ ಜೋಗದಲ್ಲಿ 1948ರಲ್ಲಿ ಶುರುವಾದ ವಿದ್ಯುದಾಗಾರದಲ್ಲಿ ಶರಾವತಿಯ ನೀರು ಮಾಡುವ ಕೆಲಸವೂ ಅದೇ, ಕಾರಿನಲ್ಲಿ ರಬ್ಬರಿನ ಬೆಲ್ಟು ಮಾಡುವ ಕೆಲಸವೂ ಅದೇ. ಒಟ್ಟಿನಲ್ಲಿ ಏನನ್ನೋ ತಿರುಗಿಸಬೇಕು.

ಈ ಪಾತ್ರೆ ಮತ್ತು ನಲ್ಲಿಯನ್ನು ಕಾರಿನೊಳಗೆ ಸರಿಯಾಗಿ ಮದುವೆ ಮಾಡಿಸಿದವರು ಅಮೆರಿಕದ ಓಹಾಯೋ ರಾಜ್ಯದ ಚಾರ್ಲ್ಸ್ ಕೆಟರಿಂಗ್. ಅವರು ಮೊದಲು ಅಂಗಡಿಯ ಗಲ್ಲಾಪೆಟ್ಟಿಗೆ ತಯಾರಿಸುವ ಕಂಪನಿಯಲ್ಲಿದ್ದರು. ಗಲ್ಲಾಪೆಟ್ಟಿಗೆಯನ್ನು ತೆರೆಯಲು ಒಂದು ಪುಟ್ಟ ಮೋಟಾರು ಮಾಡಿದ್ದರು. ದಿನವಿಡೀ ತಿರುಗಬೇಕಾದ ಮೋಟಾರು ದೊಡ್ಡದಿರಬೇಕು, ಕ್ಷಣಮಾತ್ರ ಜೋರು ಕೊಟ್ಟು ಸುಮ್ಮನಾಗುವ ಮೋಟಾರು ಚಿಕ್ಕದಿದ್ದರೂ ಸಾಕು ಎಂಬ ಗುಟ್ಟು ಅವರಿಗೆ ಅಲ್ಲಿ ತಿಳಿದಿತ್ತು. ಅದನ್ನೇ ಕಾರಿಗೆ ತಂದರು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಸೆಲ್ಫ್ ಸ್ಟಾರ್ಟರ್ ಬಂತು. ಅದೇ ಮೋಟಾರು ಇಂಜಿನ್ ಹೊತ್ತಿಕೊಂಡ ಮೇಲೆ ಡೈನಮೋ ಆಗಿ ತಿರುಗಿ, ತಾನು ಬಳಸಿದ್ದನ್ನು ಬ್ಯಾಟರಿಗೆ ಹಿಂದಿರುಗಿಸುತ್ತಿತ್ತು. ಅದುವರೆಗೆ ಕಾರ್ಬೈಡ್ ಅನಿಲದಿಂದ ಉರಿಯುತ್ತಿದ್ದ ದೀಪಗಳ ಜಾಗದಲ್ಲಿ ವಿದ್ಯುತ್ ದೀಪಗಳು ಬಂದವು. ಫೋರ್ಡರ ಅಗ್ಗದ ಮಾಡೆಲ್ ಟಿ ಕಾರಿಗೂ 1919ರಲ್ಲಿ ಸೆಲ್ಫ್ ಬಂತು. ಬ್ಯಾಟರಿ ಕಾರುಗಳು ಮೂಲೆ ಸೇರಿದವು.

ಹೆಂಗಸರ ಕೈಗೆ ಸ್ಟಿಯರಿಂಗ್ ಬಂದದ್ದರಲ್ಲಿ ಈ ಏರ್ಪಾಡಿನ ಪಾಲು ದೊಡ್ಡದು. ಇದರಲ್ಲಿ ಕೊಳ್ಳುವುದು ಮತ್ತು ಹಿಂದಿರುಗಿಸುವುದು ಒಟ್ಟಿಗೇ ಹುಟ್ಟಿದವು ಎಂಬುದನ್ನು ದಯವಿಟ್ಟು ನೆನಪಿಡಿ. ಬ್ಯಾಟರಿ ಸಾಲ ಕೊಡುತ್ತದೆ, ಡೈನಮೋ ತೀರಿಸುತ್ತದೆ. ಪಕ್ಕದ ಮನೆಯಿಂದ ತಂದ ಸೇರು ಅಕ್ಕಿಯನ್ನು ವಾರದೊಳಗೆ ಕೊಡುವ ಹಾಗೆ. ತೀರಿಸುವುದು ನಿಂತರೆ ಏನಾಗುತ್ತದೆ ಎಂಬುದು ನನಗೆ ಗೊತ್ತಾದದ್ದು 1997ರಲ್ಲಿ.

ನಮ್ಮದು ತೀರ್ಥಹಳ್ಳಿ. ನಮ್ಮವರು ಕೊಂಡಿದ್ದು ಎರಡನೇ ಕೈಯ ಅಂಬಾಸಿಡರ್ ಮಾರ್ಕ್ ಟೂ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೂ ತಯಾರಾದ ಗಾಡಿ ಅದು. ನಮ್ಮದರಲ್ಲಿ ಹಳೆಯ ಕಾಲದ ಡೈನಮೋ ಇತ್ತು, ಹ್ಯಾಂಡಲ್ ಕೂಡ ಇತ್ತು. 1994ರಲ್ಲಿ ನಮ್ಮವರು ತೀರಿಕೊಂಡರು. ಬಂಧುಗಳೆಲ್ಲ ಮೊದಲು ಹೇಳಿದ ಮಾತು, "ಕಾರು ಮಾರಿಬಿಡು, ಹೆಣ್ಣುಮಗಳು ಒಬ್ಬಳೇ ಏನು ಸಂಭಾಳಿಸ್ತೀಯ?" ಮನೆಯಲ್ಲಿ ಉಬ್ಬಸದ ಅತ್ತೆ, ಶಾಲೆಗೆ ಹೋಗುವ ಮಗಳು. ನನಗೆ ಲೈಸೆನ್ಸ್ ಇತ್ತು. ಮಾರಲಿಲ್ಲ.

ಆಮೇಲೆ ಶುರುವಾಯಿತು ಬ್ಯಾಟರಿಯ ಕಾಟ. ಬೆಳಿಗ್ಗೆ ಸೆಲ್ಫ್ ಒತ್ತಿದರೆ ಕರಕರ ಎಂದು ಸುಮ್ಮನಾಗುತ್ತಿತ್ತು. ಮೆಕ್ಯಾನಿಕ್ ಬಂದು ಮೂಸಿ ನೋಡಿದವನಂತೆ ನೋಡಿ, "ಬ್ಯಾಟರಿ ಹೋಯ್ತು ಅಮ್ಮ" ಎಂದ. ಹೊಸದು ಹಾಕಿಸಿದೆ. ಏಳೆಂಟು ತಿಂಗಳಿಗೆ ಅದೂ ಹೋಯಿತು. ಇನ್ನೊಂದು ಹಾಕಿಸಿದೆ. ಅಡಿಕೆ ಮಾರಿದ ದುಡ್ಡಿನಲ್ಲಿ ಮಗಳಿಗೆ ತರಬೇಕೆಂದಿದ್ದ ಓಲೆ ಆ ವರ್ಷ ಬರಲಿಲ್ಲ. ನಡುವೆ ಇನ್ನೊಂದು ಲಕ್ಷಣ ಕಂಡಿತ್ತು. ಓಡುವಾಗ ಆರಿರಬೇಕಾದ ಡ್ಯಾಷ್‌ಬೋರ್ಡಿನ ಪುಟ್ಟ ಕೆಂಪು ದೀಪ ಆಗಾಗ ಮಿಣುಕುತ್ತಿತ್ತು. ಮೆಕ್ಯಾನಿಕ್‌ಗೆ ಹೇಳಿದೆ. "ಹಳೇ ಗಾಡಿಗೆ ಅದೆಲ್ಲ ಇದ್ದದ್ದೇ. ನಿಮಗೆ ಗಾಬರಿ ಆಗೋದು ಬೇಡ" ಎಂದು ಆ ದೀಪದ ಬಲ್ಬನ್ನೇ ಕಿತ್ತುಹಾಕಿದ. ನಾನೂ ಸುಮ್ಮನಾದೆ. ಮಿಣುಕು ನಿಂತಿತಲ್ಲ ಎಂದು ಸಮಾಧಾನವೂ ಆಯಿತು. ಇವತ್ತಿಗೂ ನನಗೆ ನಾಚಿಕೆಯಾಗುವುದು ಆ ಸಮಾಧಾನಕ್ಕೆ.

1997ರ ಆಗಸ್ಟಿನ ಒಂದು ರಾತ್ರಿ ಅತ್ತೆಗೆ ಉಸಿರು ಕಟ್ಟಿತು. ಊರಿನ ಡಾಕ್ಟರು ಇಂಜೆಕ್ಷನ್ ಕೊಟ್ಟು, ತಡಮಾಡದೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎಂದರು. ಅರವತ್ತು ಕಿಲೋಮೀಟರು ದೂರ, ಮಲೆನಾಡಿನ ಆಷಾಢ ಶ್ರಾವಣದ ಮಳೆ. ಹಿಂದಿನ ಸೀಟಿನಲ್ಲಿ ಅತ್ತೆ ಮಗಳ ಹೆಗಲಿಗೆ ಒರಗಿದ್ದರು. ಹೆಡ್‌ಲೈಟು, ವೈಪರ್ ಎರಡೂ ಒಂದೇ ಸಮ ನಡೆದಿದ್ದವು. ಮಂಡಗದ್ದೆ ದಾಟುವಾಗ ಬೆಳಕು ಹಳದಿಗೆ ತಿರುಗಿತು. ಆಮೇಲೆ ಚಿಮಣಿ ದೀಪದಷ್ಟಾಯಿತು. ವೈಪರ್ ಮುದುಕಿಯಂತೆ ನಿಧಾನವಾಗಿ ಏಳತೊಡಗಿತು. ಸಕ್ರೆಬೈಲಿನ ಹತ್ತಿರ ಇಂಜಿನ್ ಎರಡು ಸಲ ಕೆಮ್ಮಿ ನಿಂತೇಹೋಯಿತು. ಸೆಲ್ಫ್ ಒತ್ತಿದರೆ ಸದ್ದೇ ಇಲ್ಲ. ಒಂದು ಕಡೆ ತುಂಗೆಯ ಮೊರೆತ, ಇನ್ನೊಂದು ಕಡೆ ಕಾಡು. ಹಿಂದಿನಿಂದ ಅತ್ತೆಯ ಉಸಿರಿನ ಸಿಳ್ಳು.

ಎಷ್ಟೋ ಹೊತ್ತಿನ ಮೇಲೆ ಒಂದು ಲಾರಿ ಬಂದು ನಿಂತಿತು. ಡ್ರೈವರ್ ನಡುವಯಸ್ಸಿನವರು. ಟಾರ್ಚ್ ಬಿಟ್ಟು ನೋಡಿ, ಎಲ್ಲ ಸ್ವಿಚ್ಚುಗಳನ್ನೂ ಆರಿಸಿ ಐದು ನಿಮಿಷ ಬಿಡಲು ಹೇಳಿದರು. ಆಮೇಲೆ ಇದೇ ಹ್ಯಾಂಡಲ್ ತೂರಿಸಿ ತಿರುಗಿಸಿದರು. ನಾಲ್ಕನೆಯ ಸಲಕ್ಕೆ ಇಂಜಿನ್ ಹೊತ್ತಿತು. "ಅಮ್ಮಾ, ಹೆಡ್‌ಲೈಟು ಹಾಕಲೇಬೇಡಿ. ನನ್ನ ಹಿಂದಿನ ಕೆಂಪು ದೀಪ ನೋಡಿಕೊಂಡು ನಿಧಾನಕ್ಕೆ ಬನ್ನಿ. ಉಳಿದಿರೋ ಕರೆಂಟು ಇಂಜಿನ್ನಿಗೇ ಇರಲಿ" ಎಂದರು. ಹಾಗೇ ಗಾಜನೂರು ದಾಟಿ ಶಿವಮೊಗ್ಗದ ಆಸ್ಪತ್ರೆ ಸೇರಿದೆವು. ಅತ್ತೆ ಉಳಿದರು, ಮತ್ತೆ ನಾಲ್ಕು ವರ್ಷ ನಮ್ಮ ಜೊತೆ ಇದ್ದರು. ಆ ಲಾರಿಯವರ ಹೆಸರು ಕೇಳಲೂ ನನಗೆ ಆ ಗಡಿಬಿಡಿಯಲ್ಲಿ ತೋಚಲಿಲ್ಲ.

ಅವರು ಹೇಳಿದ್ದರ ಲೆಕ್ಕ ನನಗೆ ಆಮೇಲೆ ತಿಳಿಯಿತು. 45 ವ್ಯಾಟಿನ ಎರಡು ಹೆಡ್‌ಲೈಟು ಸೇರಿದರೆ 90 ವ್ಯಾಟು. 12 ವೋಲ್ಟಿನ ಗಾಡಿಯಲ್ಲಿ ಅದು ಏಳೂವರೆ ಆಂಪಿಯರ್ ನುಂಗುತ್ತದೆ. ಇಂಜಿನ್ನಿನ ಕಿಡಿಗೆ ಬೇಕಾದದ್ದು ಅದರ ಅರ್ಧದಷ್ಟು. ದೀಪ ಆರಿಸಿದ್ದರಿಂದಲೇ ಕಿಡಿ ಉಳಿಯಿತು.

ಮೂರನೆಯ ದಿನ ಶಿವಮೊಗ್ಗದಲ್ಲೇ ವಯಸ್ಸಾದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಗಾಡಿ ಒಯ್ದೆ. ಇನ್ನೊಂದು ಬ್ಯಾಟರಿ ಹಾಕಿ ಎಂದೆ. ಅವರು ನಕ್ಕು, "ಬ್ಯಾಟರಿ ಏನು ತಪ್ಪು ಮಾಡಿತಮ್ಮ? ಅದಕ್ಕೆ ಊಟ ಹಾಕಿದ್ದೀರಾ?" ಎಂದು ಕೇಳಿದರು. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಎಲ್ಲ ತೋರಿಸಿದರು. ಗಂಡಸರನ್ನು ಕರೆದುಕೊಂಡು ಬನ್ನಿ ಎನ್ನಲಿಲ್ಲ. ಅಂದು ಕಲಿತದ್ದನ್ನು ನಿಮಗೂ ಹೇಳುತ್ತೇನೆ.

ಮೊದಲು ಇಂಜಿನ್ ನಿಲ್ಲಿಸಿ, ಗಾಡಿಯನ್ನು ಕೆಲವು ಗಂಟೆ ಬಿಟ್ಟು, ಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಯ ಎರಡು ಕೊನೆಗೆ ಮುಟ್ಟಿಸಬೇಕು. 12.6 ವೋಲ್ಟು ಬಂದರೆ ಹೊಟ್ಟೆ ತುಂಬಿದೆ. 12.2 ಇದ್ದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ಆಮೇಲೆ ಇಂಜಿನ್ ಶುರುಮಾಡಿ ಸ್ವಲ್ಪ ವೇಗ ಕೊಟ್ಟು ಮತ್ತೆ ನೋಡಬೇಕು. ಮುಳ್ಳು ಹದಿಮೂರೂವರೆ ದಾಟಿ ಹದಿನಾಲ್ಕು, ಹದಿನಾಲ್ಕೂವರೆಯ ಸುತ್ತ ನಿಂತರೆ ಬ್ಯಾಟರಿಗೆ ಊಟ ಬೀಳುತ್ತಿದೆ. ಏರದೆ ಹೋದರೆ ಇಲ್ಲ. ಹದಿನೈದು ದಾಟಿದರೆ ಊಟ ಅತಿಯಾಗಿ, ಒಳಗಿನ ನೀರು ಕುದಿದು ಆರುತ್ತಿದೆ ಎಂದರ್ಥ. ನನ್ನ ಗಾಡಿಯಲ್ಲಿ ಎಷ್ಟು ವೇಗ ಕೊಟ್ಟರೂ ಮುಳ್ಳು ಕದಲಲಿಲ್ಲ.

ಎರಡನೆಯದು ಬೆಲ್ಟು. ಅಂಬಾಸಿಡರಿನಲ್ಲಿ ಡೈನಮೋ, ಫ್ಯಾನು, ನೀರಿನ ಪಂಪು ಮೂರನ್ನೂ ತಿರುಗಿಸುವುದು ಒಂದೇ ಬೆಲ್ಟು. ಇಂಜಿನ್ ನಿಂತಿದ್ದಾಗ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಇಂಚು ಬಗ್ಗಬೇಕು. ಹೆಚ್ಚು ಬಗ್ಗಿದರೆ ಸಡಿಲ. ಕೆಂಪು ದೀಪ ಉರಿದು, ಜೊತೆಗೆ ಇಂಜಿನ್ ಕೂಡ ಕಾದರೆ ಬೆಲ್ಟು ಹರಿದಿರಬೇಕು, ಆಗ ತಕ್ಷಣ ನಿಲ್ಲಿಸಬೇಕು. ದೀಪ ಉರಿದರೂ ಇಂಜಿನ್ ತಣ್ಣಗಿದ್ದರೆ ದೋಷವನ್ನು ಡೈನಮೋದಲ್ಲೋ ತಂತಿಯಲ್ಲೋ ಹುಡುಕಬೇಕು. ನನ್ನ ಬೆಲ್ಟು ಸರಿಯಾಗಿತ್ತು.

ಮೂರನೆಯದು ಕೊನೆಗಳು. ಬ್ಯಾಟರಿಯ ತಲೆಯ ಮೇಲೆ ಬೂಷ್ಟಿನಂತೆ ಬೆಳೆಯುವ ಬಿಳಿ, ಹಸಿರು ಪುಡಿ ವಿದ್ಯುತ್ತನ್ನು ತಡೆಯುತ್ತದೆ. ಅಡುಗೆ ಸೋಡ ಬೆರೆಸಿದ ಬಿಸಿನೀರಿನಲ್ಲಿ ಉಜ್ಜಿದರೆ ಹೋಗುತ್ತದೆ. ಇದಕ್ಕೆ ನಮ್ಮ ಕೈಗಿಂತ ಪಳಗಿದ ಕೈ ಬೇಕೇ? ಬ್ಯಾಟರಿಯಿಂದ ಗಾಡಿಯ ದೇಹಕ್ಕೆ ಹೋಗುವ ಅರ್ತಿಂಗ್ ಪಟ್ಟಿಯ ಬೋಲ್ಟು ತುಕ್ಕು ಹಿಡಿದಿದ್ದರೂ ಇದೇ ಗೋಳು.

ಇದೆಲ್ಲ ಸರಿಯಿದ್ದ ಮೇಲೆ ಅವರು ಡೈನಮೋ ಬಿಚ್ಚಿದರು. ಅದರೊಳಗೆ ತಿರುಗುವ ತಾಮ್ರದ ಉಂಗುರಕ್ಕೆ ಒತ್ತಿಕೊಂಡು ವಿದ್ಯುತ್ತನ್ನು ಹೊರತರುವ ಎರಡು ಇಂಗಾಲದ ತುಂಡುಗಳಿರುತ್ತವೆ. ಅವುಗಳಿಗೆ ಬ್ರಷ್ ಎನ್ನುತ್ತಾರೆ. ನನ್ನ ಗಾಡಿಯಲ್ಲಿ ಅವು ಸವೆದು, ಮಗು ಬರೆದು ಬಿಟ್ಟ ಬಳಪದ ಚೂರಿನಷ್ಟಾಗಿದ್ದವು. ಒಮ್ಮೆ ತಾಗುತ್ತಿದ್ದವು, ಒಮ್ಮೆ ಇಲ್ಲ. ದೀಪ ಮಿಣುಕುತ್ತಿದ್ದುದು ಅದಕ್ಕೇ. ಅರೆಹೊಟ್ಟೆಯಲ್ಲೇ ದುಡಿದು ದುಡಿದು ಎರಡು ಬ್ಯಾಟರಿಗಳು ಸತ್ತಿದ್ದವು. ಹೊಸ ಬ್ರಷ್‌ಗಳ ಬೆಲೆ ಒಂದು ದಿನದ ತರಕಾರಿಯಷ್ಟೂ ಆಗಲಿಲ್ಲ.

"ದೀಪ ಎಲ್ಲಿ?" ಎಂದು ಅವರು ಕೇಳಿದಾಗ ಬಲ್ಬು ಕಿತ್ತ ಕಥೆ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಆ ದೀಪದ ಕೆಲಸ ವಿವರಿಸಿದರು. ಅದರ ಒಂದು ಕೊನೆ ಬ್ಯಾಟರಿಯ ಕಡೆಗಿದೆ, ಇನ್ನೊಂದು ಡೈನಮೋ ಕಡೆಗೆ. ಡೈನಮೋ ಸುಮ್ಮನಿದ್ದಾಗ ವಿದ್ಯುತ್ತು ಬ್ಯಾಟರಿಯಿಂದ ದೀಪದ ಮೂಲಕ ಹರಿದು ದೀಪ ಉರಿಯುತ್ತದೆ. ಡೈನಮೋ ಸರಿಯಾಗಿ ದುಡಿಯತೊಡಗಿದಾಗ ಎರಡು ಕಡೆಯ ಒತ್ತಡವೂ ಸಮವಾಗಿ ದೀಪ ಆರುತ್ತದೆ. ಪಕ್ಕದಲ್ಲಿ ಕಟ್‌ಔಟ್ ಎಂಬ ಪುಟ್ಟ ಬಾಗಿಲೂ ಇದೆ. ಡೈನಮೋದ ಬಲ ಬ್ಯಾಟರಿಗಿಂತ ಹೆಚ್ಚಾದಾಗ ಅದು ಸೇರಿಕೊಳ್ಳುತ್ತದೆ, ಇಂಜಿನ್ ನಿಧಾನವಾದಾಗ ಬಿಡಿಸಿಕೊಳ್ಳುತ್ತದೆ. ಇಲ್ಲದಿದ್ದರೆ ತುಂಬಿದ್ದೆಲ್ಲ ಡೈನಮೋ ಕಡೆಗೇ ಹಿಂದಕ್ಕೆ ಹರಿದುಹೋಗುತ್ತದೆ. ಹಾಗಾಗಿ ಡೈನಮೋ ಗಾಡಿಗಳಲ್ಲಿ ನಿಂತು ಗುರುಗುಟ್ಟುವಾಗ ದೀಪ ಮಂಕಾಗಿ ಉರಿದರೆ ದೋಷವಲ್ಲ, ಓಡುವಾಗ ಉರಿದರೆ ದೋಷ. ಅಂದು ನಾನೇ ಒಂದು ಹೊಸ ಬಲ್ಬು ಕೊಂಡು ಅಲ್ಲೇ ಹಾಕಿಸಿದೆ.

ಡೈನಮೋದ ಕಾಲವೂ ಮುಗಿಯಿತು. ಅದಕ್ಕೆ ನಿಧಾನಗತಿಯಲ್ಲಿ ಶಕ್ತಿ ಸಾಲದು. ಪೇಟೆಯ ಗದ್ದಲದಲ್ಲಿ ನಿಂತು ನಿಂತು ಹೋಗುವ ಕಾರುಗಳಿಗೆ ಅದು ಒಗ್ಗಲಿಲ್ಲ. ಸಿಲಿಕಾನ್ ಡಯೋಡುಗಳು ಅಗ್ಗವಾದ ಮೇಲೆ ಆಲ್ಟರ್ನೇಟರ್ ಬಂತು. ಅಮೆರಿಕದ ಕ್ರೈಸ್ಲರ್ ಕಂಪನಿ 1960ರ ವೇಲಿಯಂಟ್ ಕಾರಿಗೆ ಅದನ್ನು ಅಳವಡಿಸಿತು. ಕ್ರಮೇಣ ನಮ್ಮ ಅಂಬಾಸಿಡರಿಗೂ ಬಂತು. ಇಂಜಿನ್ ನಿಧಾನವಾಗಿದ್ದರೂ ಅದು ಬ್ಯಾಟರಿ ತುಂಬುತ್ತದೆ. ಆದರೆ ಡೈನಮೋ ಕಾಲದ ಒಂದು ಕೆಟ್ಟ ಅಭ್ಯಾಸ ಹಾಗೇ ಉಳಿದುಕೊಂಡಿತು. ಇಂಜಿನ್ ಓಡುವಾಗಲೇ ಬ್ಯಾಟರಿಯ ತಂತಿ ಕಿತ್ತು, ಇಂಜಿನ್ ನಿಲ್ಲದಿದ್ದರೆ ಚಾರ್ಜಿಂಗ್ ಸರಿಯಿದೆ ಎನ್ನುವ ಪರೀಕ್ಷೆ ಅದು. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಹಾಗೆ ಮಾಡಿದರೆ ವೋಲ್ಟೇಜು ಥಟ್ಟನೆ ಹಾರಿ ಡಯೋಡುಗಳು ಸುಟ್ಟುಹೋಗಬಹುದು. ನಿಮ್ಮೆದುರು ಯಾರಾದರೂ ಹಾಗೆ ಮಾಡಲು ಹೊರಟರೆ ಸಂಕೋಚವಿಲ್ಲದೆ ತಡೆಯಿರಿ. ಮೀಟರು ಇದೆಯಲ್ಲ, ಅದರಲ್ಲಿ ನೋಡಲಿ.

ಹೋದ ಮಳೆಗಾಲದಲ್ಲಿ ಮಗಳು ಹಾಸನದ ದಾರಿಯಿಂದ ಫೋನು ಮಾಡಿದಳು. ಅವಳ ಹೊಸ ಕಾರಿನ ಡ್ಯಾಷ್‌ಬೋರ್ಡಿನಲ್ಲಿ ಬ್ಯಾಟರಿಯ ಆಕಾರದ ಕೆಂಪು ದೀಪ ಹತ್ತಿತ್ತಂತೆ. ಪಕ್ಕದ ಅಂಗಡಿಯವರು ಬ್ಯಾಟರಿ ಬದಲಿಸಿ ಎನ್ನುತ್ತಿದ್ದರಂತೆ. ನಾನು ಕುಕ್ಕರ್ ಕೆಳಗಿಳಿಸಿ, "ಇಂಜಿನ್ ಕಾದಿದೆಯಾ ನೋಡು. ಬಂದ್ ಮಾಡಿ ಬಾನೆಟ್ ಎತ್ತು. ಬೆಲ್ಟು ಇದೆಯಾ?" ಎಂದೆ. ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ ಕೇಳಿತು. ಆಮೇಲೆ, "ಅಮ್ಮಾ, ಬೆಲ್ಟಿನ ಅರ್ಧ ನೂಲು ಬಿಚ್ಚಿ ನೇತಾಡ್ತಿದೆ" ಎಂದಳು. "ಹಾಗಾದರೆ ಗಾಡಿ ಕದಲಿಸಬೇಡ. ಬ್ಯಾಟರಿ ಬೇಡ, ಬೆಲ್ಟು ಬೇಕು ಅಂತ ಹೇಳು" ಎಂದೆ.

ಸಂಜೆ ಅವಳು ಮನೆ ಸೇರಿದ ಸುದ್ದಿ ಬಂದ ಮೇಲೆ ಸೌದೆ ಕೊಟ್ಟಿಗೆಗೆ ಹೋಗಿ, ಮೊಮ್ಮಗಳು ಅಂಗಳದಲ್ಲೇ ಬಿಟ್ಟುಹೋಗಿದ್ದಾಗ ತುಕ್ಕು ಹಿಡಿದಿದ್ದ ಆ ಹ್ಯಾಂಡಲ್ ಒರೆಸಿ, ಎಣ್ಣೆ ಹಚ್ಚಿ, ಒನಕೆಯ ಪಕ್ಕ ಇಟ್ಟೆ.